ಏಳು ಹೆಂಗಸರಿಗೆ ಸೀರೆ ಕೊಟ್ಟವರು

ಪಾಂಗ್ಳೆ, ರೇವ್ದಂಡಾ ಅಂಚೆ
ಕುಲಾಬಾ ಜಿಲ್ಲೆ
25 ಫೆಬ್ರವರಿ 1963, ಸೋಮವಾರ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನ್ನ ಪ್ರೀತಿಯ ತಂಗಿ ಮಿಲ್ಕಾಗೆ, ನಿನ್ನ ದಾದಾ ಇಸಾಜಿಯ ಶಾಲೋಮ್.

ನಿನ್ನ ಕಾಗದ ಬಂದು ಹತ್ತು ವಾರವಾಯಿತು. ಆಮೇಲೆ ಇನ್ನೊಂದು ಬಂತು, ಅದಾದ ಮೇಲೆ ತಂತಿ ಬಂತು. ತಂತಿಯಲ್ಲಿ 'ಬದುಕಿದ್ದೀಯಾ' ಅಂತ ಒಂದೇ ಮಾತು. ಪೋಸ್ಟ್‌ಮನ್ ಅದನ್ನು ಬಾವಿಕಟ್ಟೆ ಹತ್ತಿರ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಓದಿ, 'ಮಾಸ್ತರ್, ಏನಂತ ಉತ್ತರ ಕೊಡೋಣ?' ಅಂದ. ಬದುಕಿದ್ದೇನೆ ತಂಗಿ. ತಪ್ಪಾಯಿತು, ಬೈದುಬಿಡು. ಬೈದು ಮುಗಿದ ಮೇಲೆ ಸಮಾಧಾನವಾಗಿ ಕೂತು ಇದನ್ನು ಓದು, ಯಾಕೆಂದರೆ ಕಾಗದ ಉದ್ದವಿದೆ, ಅಡ್ಡಾದಿಡ್ಡಿ ಇದೆ, ನಡುವೆ ಎರಡು ಸಲ ಎದ್ದು ಹೋಗಿ ಬಂದಿದ್ದೇನೆ.

ಇಲ್ಲಿ ನನ್ನ ಮಂಡಿ ನೋವು ಬಿಟ್ಟರೆ ಬೇರೇನೂ ಹೆಚ್ಚಿಲ್ಲ. ಪ್ರಾರ್ಥನಾ ಮನೆಯ ಹಿಂದಿನ ಹೆಂಚು ಮೂರು ಒಡೆದವು, ನಾನೇ ಏಣಿ ಹಾಕಿ ಬದಲಿಸಿದೆ. ಪ್ರಾರ್ಥನೆಗೆ ಬೇಕೇಬೇಕಾದ ಹತ್ತು ಗಂಡಸರು ಸೇರಿ ಎರಡು ವರ್ಷವಾಯಿತು, ಆದರೂ ಶುಕ್ರವಾರ ಸಂಜೆ ಹೋಗಿ ದೀಪ ಹಚ್ಚುತ್ತೇನೆ, ಒಣದ್ರಾಕ್ಷಿ ನೆನೆಹಾಕಿದ ಶರಬತ್ತನ್ನು ಒಬ್ಬನೇ ಕುಡಿದು ಬೀಗ ಹಾಕಿಕೊಂಡು ಬರುತ್ತೇನೆ.

ಈಗ ನಿನ್ನ ವಿಷಯ. ಮೊದಲು ನನ್ನ ದಡ್ಡತನದ ಲೆಕ್ಕ ಮುಗಿಸುತ್ತೇನೆ. ನಿನ್ನ ಮಗಳು ಡೈನಾಳ ಮದುವೆಗೆ ಒಪ್ಪಿಗೆ ಕೊಡಬೇಕಾದ ಇಸ್ರಾಯೇಲಿನ ಧರ್ಮಗುರುಗಳ ಕಚೇರಿಯವರು ಕೇಳಿದ್ದು ಏನು? ಹುಡುಗಿಯ ತಾಯಿ, ತಾಯಿಯ ತಾಯಿ, ಹಾಗೇ ಮೇಲಕ್ಕೆ ಗೊತ್ತಿರುವಷ್ಟು ಹೆಂಗಸರ ಹೆಸರು. ಅವರೆಲ್ಲ ಹುಟ್ಟಿನಿಂದ ಯೆಹೂದಿಗಳು ಅಂತ ಊರಿನ ಇಬ್ಬರ ಸಹಿ. ನಾನು ಕಳಿಸಿದ್ದು ಏನು? ಹಡಗು.

ನಾಲ್ಕು ಹಾಳೆ ತುಂಬ ಬರೆದಿದ್ದೆ. ರಾಜನ ಕಾಟ ತಾಳಲಾರದೆ ನಮ್ಮವರು ಹಡಗು ಹತ್ತಿದ್ದು, ನವಗಾಂವ್ ಹತ್ತಿರ ಹಡಗು ಬಂಡೆಗೆ ಬಡಿದು ಒಡೆದದ್ದು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದ್ದು, ಸತ್ತವರನ್ನು ಎರಡು ದಿಬ್ಬದಲ್ಲಿ ಹೂತದ್ದು, ಪುಸ್ತಕವೆಲ್ಲ ನೀರುಪಾಲಾದದ್ದು. ಬದುಕಿದವರು ಎಣ್ಣೆ ಗಾಣ ಹಾಕಿಕೊಂಡು, ಶನಿವಾರ ಮಾತ್ರ ಎತ್ತು ಕಟ್ಟದೆ ಕೂತು, ಸುತ್ತಲಿನ ಜನರ ಬಾಯಲ್ಲಿ ಶನಿವಾರದ ಗಾಣಿಗರು ಆದದ್ದು. ಕೊನೆಗೆ ಪ್ರವಾದಿ ಎಲಿಯಾಹೂ ಹನ್ನಾಬಿ ಖಂಡಾಲೆಯ ಬಂಡೆಯ ಮೇಲೆ ರಥ ಇಳಿಸಿ, ಒಂದು ದಿನ ದೇವರು ನಿಮ್ಮನ್ನು ನಿಮ್ಮ ನಾಡಿಗೆ ಕರೆಸಿಕೊಳ್ಳುತ್ತಾನೆ ಅಂತ ಹೇಳಿಹೋದದ್ದು. ಗಾಲಿಯ ಗುರುತು ಬಂಡೆಯ ಮೇಲೆ ಈಗಲೂ ಇದೆ, ಅನುಮಾನ ಇದ್ದವರು ಬಂದು ನೋಡಬಹುದು ಅಂತಲೂ ಕೊನೆಯಲ್ಲಿ ಸೇರಿಸಿದ್ದೆ. ಆ ಕಾಗದ ಓದಿದ ಗುಮಾಸ್ತ ನಿನಗೆ, 'ಇದು ಕಥೆ ಅಮ್ಮ, ಅಜ್ಜಿಯ ಹೆಸರೆಲ್ಲಿ?' ಅಂದನಂತೆ. ನೀನು ಬೀರ್‌ಶೇಬಾದ ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದೆಯಂತೆ. 'ದಾದಾ, ನನ್ನ ಮಗಳ ಮದುವೆ ನಿಂತಿದೆ, ನೀನು ಉರುಸಿನ ಭಾಷಣ ಕಳಿಸಿದ್ದೀಯ' ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಾಚಿಕೆಯಾಯಿತು.

ನಾಚಿಕೆಯ ಜೊತೆ ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕಥೆಯಂತೆ. ನಮ್ಮ ಬಳಿ ಪುಸ್ತಕ ಇರಲಿಲ್ಲ, ಭಾಷೆ ಮರೆತಿತ್ತು, ಅರ್ಧ ಹಬ್ಬಗಳು ಮರೆತುಹೋಗಿದ್ದವು. ಉಳಿದದ್ದು ಶನಿವಾರ, ಸುನ್ನತಿ, ಹುರುಪೆ ಇರುವ ಮೀನು, 'ಕೇಳು ಇಸ್ರಾಯೇಲೇ' ಅನ್ನುವ ಒಂದು ಸಾಲು, ಮತ್ತೆ ಈ ಹಡಗು. ಇಷ್ಟನ್ನೇ ಮಕ್ಕಳಿಗೆ ಹೇಳಿ ಹೇಳಿ ನಾವು ನಾವಾಗಿ ಉಳಿದೆವು. ಮೂವತ್ತು ವರ್ಷ ಹನ್ನಾಬಿಯ ಪ್ರತಿ ಉರುಸಿನಲ್ಲಿ ಎದ್ದು ನಿಂತು ಅದನ್ನು ಹೇಳಿದವನು ನಾನು. ಹನ್ನಾಬಿ ಕೊಟ್ಟ ಮಾತಿನ ಪ್ರಕಾರ ನೀವೆಲ್ಲ ಹೋದಿರಿ. ಹೋದ ಮೇಲೆ ಬಾಗಿಲಲ್ಲಿ ನಿಂತವನು ಅಜ್ಜಿಯ ಹೆಸರು ಕೇಳುತ್ತಾನೆ ಅಂತ ಹನ್ನಾಬಿ ಹೇಳಿರಲಿಲ್ಲ.

ಕೋಪ ಇಳಿದ ಮೇಲೆ ಹೆಸರು ಬರೆಯೋಣ ಅಂತ ಕೂತೆ. ಬಾಬಾ, ಬಾಬಾನ ಬಾಬಾ, ಹೀಗೆ ಏಳು ತಲೆಮಾರಿನ ಗಂಡಸರ ಹೆಸರು ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆಯಿ ರಾಹೆಲ್‌ಬಾಯಿ, ಸರಿ. ಆಯಿಯ ಆಯಿ? ಅಜ್ಜಿ ಅಂತ ಕರೆದೆವು, ಅವಳ ಮಡಿಲಲ್ಲಿ ಬೆಳೆದೆವು, ಹೆಸರು ಕೇಳಲಿಲ್ಲ. ಸ್ಮಶಾನಕ್ಕೆ ಹೋದೆ. ಗಂಡಸರ ಕಲ್ಲಿನ ಮೇಲೆ ಹೆಸರಿದೆ. ಹೆಂಗಸರದ್ದು ಬರೀ ಕಲ್ಲು. ಬಿಸಿಲಲ್ಲಿ ಆ ಕಲ್ಲುಗಳ ಮಧ್ಯೆ ನಿಂತು, ಇಷ್ಟು ವರ್ಷ ಮಾಸ್ತರಿಕೆ ಮಾಡಿ ಏನು ಕಡಿದು ಕಟ್ಟೆ ಹಾಕಿದೆ ಅಂತ ನನ್ನನ್ನು ನಾನೇ ಬೈದುಕೊಂಡೆ.

ಇನ್ನೊಂದು ಸಹಿಯ ಕಷ್ಟ ಬೇರೆ. ನಮ್ಮ ಮನೆತನ ಗೊತ್ತಿರುವ ಊರಿನವರೇ ಆಗಬೇಕು. ಊರಲ್ಲಿ ಯಾರಿದ್ದಾರೆ? ಶಾಲೋಮ್‌ಜಿ ಮನೆಯವರು ನಿಮ್ಮ ಕಡೆಯ ಅಶ್ದೋದಿಗೆ ಹೋದರು, ಹನೋಕ್ ಮುಂಬೈಯಲ್ಲಿ ತೀರಿಕೊಂಡ. ನಮ್ಮ ಜನ, ಬೆನೆ ಇಸ್ರಾಯೇಲಿ ಅಂತ ಪಾಂಗ್ಳೆಯಲ್ಲಿ ಉಳಿದವರು ಇಬ್ಬರೇ. ನಾನು ಒಬ್ಬ, ಇನ್ನೊಬ್ಬಳು ರಿಬ್ಕಾ.

ನೆನಪಿದೆಯಾ? ನಮ್ಮ ಗಾಣದ ಮನೆಯಲ್ಲಿ ಎಳ್ಳು ಕೇರಲು ಬರುತ್ತಿದ್ದ ಬೆಸ್ತರ ಚಂದ್ರಭಾಗೆಯ ಮಗಳು. ಅಪ್ಪ ನಮ್ಮವರಲ್ಲೇ ಯಾರೋ ಒಬ್ಬ ಅಂತ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು, ಯಾರು ಅಂತ ಯಾರೂ ಬಾಯಿಬಿಡುತ್ತಿರಲಿಲ್ಲ. ಕಾಲಾ ಇಸ್ರಾಯೇಲಿ. ನಾವು ಬೆಳ್ಳಗಿನ ಗೋರಾ ಇಸ್ರಾಯೇಲಿಗಳು, ಅವರು ಕರಿಯ ಕಾಲಾ. ಬಣ್ಣ ನೋಡಿದರೆ ನಾನು ಅವಳಿಗಿಂತ ಕಪ್ಪು, ಅದು ಬೇರೆ ಮಾತು. ಏಳು ಹೆಂಗಸರ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಬೆಸ್ತರ ಹೊಟ್ಟೆಯಲ್ಲಿ ಹುಟ್ಟಿದವರು ಅವರು. ಅವರ ಮನೆಯ ಹೆಣ್ಣು ತರುತ್ತಿರಲಿಲ್ಲ, ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಪ್ರಾರ್ಥನೆಗೆ ಬಂದರೆ ಕೊನೆಯ ಸಾಲು, ಸತ್ತರೆ ಗೋಡೆಯ ಪಕ್ಕ.

ನಿನ್ನ ನಿಶ್ಚಿತಾರ್ಥದ ದಿನ ಮಲೀದಾ ಮಾಡಿದ್ದು ನೆನೆಸಿಕೋ. ಅವಲಕ್ಕಿಗೆ ಬೆಲ್ಲ, ತೆಂಗಿನತುರಿ, ಏಲಕ್ಕಿ ಕಲಸಿ, ಸುತ್ತ ಹಣ್ಣು ಜೋಡಿಸಿ, ಮೇಲೆ ಗುಲಾಬಿ ಎಸಳು ಉದುರಿಸಿದ ದೊಡ್ಡ ಹಿತ್ತಾಳೆ ತಟ್ಟೆ. ಆಯಿ ಒಬ್ಬಳೇ ಎತ್ತಲಾರದೆ ತಡವರಿಸಿದಾಗ ಹಿಂದಿನಿಂದ ರಿಬ್ಕಾ ಕೈ ಹಾಕಿದಳು. ನಾನು ಆ ಕೈ ತಳ್ಳಿ, 'ನಿನ್ನದು ಎಲೆಯಲ್ಲಿ ಕೊಡ್ತೀವಿ, ಹೊರಗೆ ಕೂತ್ಕೋ' ಅಂದೆ. ಆಗ ನನಗೆ ಮೂವತ್ತೈದು. ಹನ್ನಾಬಿಯ ಹೆಸರಿನ ತಟ್ಟೆಯನ್ನು ಕಾಪಾಡಿದೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಅವಳ ಮನೆಗೆ ಹೋಗುವುದೋ ಬೇಡವೋ ಅಂತ ಮೂರು ವಾರ ಎಣಿಸಿದೆ. ಜನವರಿ ಮಧ್ಯದಲ್ಲಿ ಒಂದು ದಿನ ಟೋಪಿ ಹಾಕಿಕೊಂಡು ಹೊರಟೇಬಿಟ್ಟೆ. ಅಂಗಳದಲ್ಲಿ ಬಂಗುಡೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಕಾಗೆ ಓಡಿಸುವ ಕೋಲು ಕೆಳಗಿಟ್ಟಳು.

'ಏನ್ ಮಾಸ್ತರ್, ದಾರಿ ತಪ್ಪಿತಾ?'

'ಇಲ್ಲ, ನಿನ್ನ ಹತ್ರಾನೇ ಬಂದೆ.'

'ಹಾಗಾದ್ರೆ ಯಾರೋ ಸತ್ತಿರಬೇಕು' ಅಂತ ನಕ್ಕಳು.

ಬಾಯಿ ಆಗಲೂ ಜೋರು, ಈಗಲೂ ಜೋರು. ನಿನ್ನ ಕಾಗದ ಓದಿ ಹೇಳಿದೆ. 'ದಾದಾ, ಇಲ್ಲಿ ನಮ್ಮನ್ನ ಕರಿಯರು ಅಂತಾರೆ, ಪೂರ್ತಿ ಯೆಹೂದಿಗಳಲ್ಲ ಅಂತಾರೆ, ಹುಡುಗನ ತಾಯಿ ಮೊರಾಕ್ಕೊದವಳು, ಅವಳೂ ಈಗ ಮುಖ ತಿರುಗಿಸ್ತಾಳೆ' ಅಂತ ನೀನು ಬರೆದ ಸಾಲು ಬಂದಾಗ ಅವಳು ಕೈಯಲ್ಲಿದ್ದ ಮೀನು ಬಿಟ್ಟು ನನ್ನನ್ನೇ ನೋಡಿದಳು. 'ಅಯ್ಯೋ ಪಾಪ. ಮಿಲ್ಕಾಬಾಯೀನೂ ಅಲ್ಲಿ ಕಾಲಾನಾ?' ಅಂದಳು. ಅದರಲ್ಲಿ ಕುಹಕ ಇರಲಿಲ್ಲ ಮಿಲ್ಕಾ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಜಕ್ಕೂ ಮರುಗಿದಳು.

ಸಹಿ ಕೇಳಿದೆ. ಹಾಗೇ ಮಾತಿಗೆ ಮಾತು ಬಂದು, ಹೆಸರೇ ಗೊತ್ತಿಲ್ಲ, ಸಹಿ ಯಾವುದಕ್ಕೆ ಹಾಕಿಸಲಿ ಅಂತ ಕೈಚೆಲ್ಲಿ ಕೂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, 'ಬರ್ಕೊಳ್ಳಿ' ಅಂದಳು.

'ಏನನ್ನ?'

'ರಾಹೆಲ್‌ಬಾಯಿಯವರ ತಾಯಿ ಮಿರೂಬಾಯಿ. ಮಿರೂಬಾಯಿ ತಾಯಿ ಲೀಯಾಬಾಯಿ, ಅವರು ರೋಹೆಯಿಂದ ಬಂದವರು. ಲೀಯಾಬಾಯಿ ತಾಯಿ ಸಕೂಬಾಯಿ, ಬಾಣಂತಿತನದಲ್ಲಿ ಹೋದರು. ಅವರ ತಾಯಿ ಎಸ್ತರ್‌ಬಾಯಿ. ಅದರಾಚೆ ಅವರಿಗೂ ಗೊತ್ತಿರಲಿಲ್ಲ.'

ಒಂದು ಕಡೆಯೂ ತಡವರಿಸಲಿಲ್ಲ. ನನ್ನ ಪೆನ್ನು ನಿಂತಿತು. ಇದೆಲ್ಲ ನಿನಗೆ ಹೇಗೆ ಗೊತ್ತು ಅಂದೆ.

'ಆಯಿ ಹೇಳಿದ್ದು.'

ಆಯಿಯ ಕಣ್ಣು ಹೋದ ಮೇಲೆ ಆರು ವರ್ಷ ನಾನು ಬಾಗಿಲು ಮುಂದೆ ಮಾಡಿ ಶಾಲೆಗೆ ಹೋಗುತ್ತಿದ್ದೆನಲ್ಲ, ಆ ಆರು ವರ್ಷವೂ ರಿಬ್ಕಾ ದಿನಾ ಬರುತ್ತಿದ್ದಳಂತೆ. ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿ, ನಾನು ಬರುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದಳಂತೆ. ಕುರುಡಿ ಆಯಿ ಅಷ್ಟು ಚೊಕ್ಕಟವಾಗಿ ಇರುತ್ತಾಳಲ್ಲ ಅಂತ ನಾನು ಊರೆಲ್ಲ ಹೊಗಳಿಕೊಂಡು ತಿರುಗಿದೆ. ಗುಣಾಕಾರ ಕಲಿಸುವ ಮಾಸ್ತರನಿಗೆ ಇಷ್ಟು ಹೊಳೆಯಲಿಲ್ಲ. ಆ ಹೆಸರುಗಳನ್ನು ನಿನಗೆ ಯಾಕೆ ಹೇಳಿದಳು ಅಂತ ಕೇಳಿದೆ.

'ಯಾರಿಗಾದ್ರೂ ಹೇಳ್ಬೇಕಿತ್ತಲ್ಲ. ಮಿಲ್ಕಾಬಾಯಿ ಮುಂಬೈಯಲ್ಲಿ. ನಿಮಗೆ ಹಡಗೇ ಸಾಕಾಗಿತ್ತು.'

ನನಗೆ ಮೊದಲ ಸಲ ಆ ಮನೆಯಲ್ಲಿ ಬಾಯಾರಿತು. ನೀರು ಕೇಳಿದೆ. ತಾಮ್ರದ ಚೊಂಬಿನಲ್ಲಿ ತಂದುಕೊಟ್ಟಳು, ಕುಡಿದೆ. ಅವಳು ಮೀನು ಮಗುಚುತ್ತಾ ಮಾತಾಡಿದಳು.

'ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಏಳು ಹೆಂಗಸರು ಒದ್ದೆ ಬಟ್ಟೇಲಿ ದಡಕ್ಕೆ ಬಂದ್ರು ಅಂತ ಪ್ರತಿ ವರ್ಷ ಹೇಳ್ತೀರಿ. ಹೊರಗೆ ಕೂತು ನಾನೂ ಕೇಳಿದ್ದೀನಿ, ಚೆನ್ನಾಗಿ ಹೇಳ್ತೀರಿ, ಅಳು ಬರತ್ತೆ. ಆದ್ರೆ ಅವರಿಗೆ ಒಣಗಿದ ಸೀರೆ ಕೊಟ್ಟವರು ಯಾರು? ಗಂಜಿ ಕಾಯಿಸಿ ಕೊಟ್ಟವರು? ಅಲ್ಲಿ ಇದ್ದದ್ದು ಬೆಸ್ತರ ಕೇರಿ ಒಂದೇ ಅಲ್ವಾ?'

ನಾನು ಚೊಂಬು ಕೆಳಗಿಟ್ಟೆ.

'ಹುರುಪೆ ಇಲ್ಲದ ಮೀನು ನಾನು ಜನ್ಮದಲ್ಲಿ ಮುಟ್ಟಿಲ್ಲ' ಅಂದಳು. 'ಶನಿವಾರ ಒಲೆ ಹಚ್ಚಿಲ್ಲ. ಎಲೆಯಲ್ಲಿ ಕೊಟ್ರೂ ಮಲೀದಾ ಮಲೀದಾನೇ ಅಂತ ತಿಂದಿದ್ದೀನಿ. ಆ ಕಚೇರಿಯವರು ನನ್ನನ್ನ ಕೇಳಿದ್ರೆ, ಮಿಲ್ಕಾಬಾಯಿ ಮಗಳು ನಮ್ಮವಳೇ ಅಂತ ನಾನು ಅಲ್ಲಿಗೇ ಹೋಗಿ ಹೇಳ್ತಿದ್ದೆ.'

ಮಾರನೇ ದಿನ ಕಾಗದ ಸ್ವಚ್ಛವಾಗಿ ಬರೆದು ತೆಗೆದುಕೊಂಡು ಹೋದೆ, ಅವಳು ಸಹಿ ಹಾಕಿದಳು. ಮೂರನೇ ಇಯತ್ತೆಯವರೆಗೆ ಓದಿದವಳು, ಅಕ್ಷರ ಬರುತ್ತದೆ. ಹಾಗಾದರೆ ಜನವರಿಯಲ್ಲೇ ಯಾಕೆ ಕಳಿಸಲಿಲ್ಲ ಅಂತ ನೀನು ಹಲ್ಲು ಕಡಿಯುತ್ತಿರಬಹುದು. ಅದಕ್ಕೆ ಉತ್ತರ ಇದೆ, ಕಡೆಗೆ ಬರುತ್ತೇನೆ.

ಈ ಸಲದ ಹನ್ನಾಬಿಯ ಉರುಸು ಫೆಬ್ರವರಿ ಹತ್ತರ ಭಾನುವಾರ ಆಯಿತು. ಖಂಡಾಲೆಗೆ ಎಲ್ಲ ಸೇರಿ ನಲವತ್ತು ಜನ ಬಂದಿರಬಹುದು, ಹಿಂದೆ ಗಾಡಿಗಳಿಗೆ ಜಾಗ ಸಿಗುತ್ತಿರಲಿಲ್ಲ. ನನ್ನನ್ನು ಕಥೆ ಹೇಳು ಅಂದರು. ಎದ್ದು ನಿಂತೆ, ಏಳು ಹೆಂಗಸರು ದಡಕ್ಕೆ ಬಂದರು ಅನ್ನುವಲ್ಲಿಗೆ ಬಂದು ಮುಂದೆ ಹೋಗಲಾರದೆ ಕೂತುಬಿಟ್ಟೆ. ಮಾಸ್ತರಿಗೆ ವಯಸ್ಸಾಯಿತು ಅಂದರು. ರಿಬ್ಕಾ ಬಂದಿರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಒಂದು ವಾರದಿಂದ ಜ್ವರವಿತ್ತು.

ಸಂಜೆ ವಾಪಸು ಬರುವಾಗ ಅವಳ ಅಂಗಳ ದಾಟುತ್ತಿದ್ದೆ, ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದಳು. 'ನಿಮ್ಮ ಉರುಸು ಮುಗೀತಾ? ಒಳಗೆ ಬನ್ನಿ, ನಂದು ಈಗ' ಅಂದಳು. ಜ್ವರದಲ್ಲೇ ಅವಲಕ್ಕಿ ನೆನೆಸಿ, ತೆಂಗಿನಕಾಯಿ ತುರಿದು, ಬಾಳೆಹಣ್ಣು, ಖರ್ಜೂರ, ಬೋರೆಹಣ್ಣು ಜೋಡಿಸಿದ್ದಳು. ಗುಲಾಬಿ ಸಿಗಲಿಲ್ಲವಂತೆ, ಕಣಗಿಲೆ ಎಸಳು ಪಕ್ಕದಲ್ಲಿಟ್ಟಿದ್ದಳು. ಕಣಗಿಲೆ ವಿಷ, ಅದು ಬೇಡ ಅಂದೆ. 'ತಟ್ಟೆಗೆ ಹಾಕಿಲ್ಲ, ನೋಡೋಕೆ ಅಷ್ಟೇ' ಅಂದಳು. ತಟ್ಟೆ ನಮ್ಮದು ಮಿಲ್ಕಾ. ಆ ದೊಡ್ಡ ಹಿತ್ತಾಳೆ ತಟ್ಟೆ. ಕಳುವಾಯಿತು ಅಂತ ನೀನು ಜೊತೆಗೆ ಕರೆತಂದಿದ್ದ ಮುಂಬೈಯ ಕೆಲಸದವಳ ಮೇಲೆ ಅನುಮಾನ ಪಟ್ಟಿದ್ದೆಯಲ್ಲ, ಆಯಿ ಅದನ್ನು ಸಾಯುವ ಮುಂಚೆ ರಿಬ್ಕಾಗೆ ಕೊಟ್ಟಿದ್ದಳು.

ನಾನು ಹನ್ನಾಬಿಯ ಹೆಸರು ಹೇಳಿ ಒಂದೊಂದು ಹಣ್ಣಿಗೂ ಪ್ರಾರ್ಥನೆ ಮಾಡಿದೆ. ಅವಳು ಎರಡು ಕೈಯಲ್ಲೂ ತಟ್ಟೆ ಎತ್ತಿ ಹಿಡಿದಳು, ತಟ್ಟೆ ಒಂದು ಕಡೆ ವಾಲಿತು, ನಾನು ಕೆಳಗಿನಿಂದ ಕೈ ಕೊಟ್ಟೆ. ಇಬ್ಬರೂ ಅದೇ ತಟ್ಟೆಯಿಂದ ತಿಂದೆವು. 'ಡೈನಾ ಮದುವೆ ಆದ್ರೆ ಇನ್ನೊಂದು ಮಲೀದಾ ಅಂತ ಹರಕೆ ಹೊತ್ತಿದ್ದೀನಿ' ಅಂದಳು. ನಿನ್ನ ಮಗಳನ್ನು ಅವಳು ನೋಡಿದ್ದು ಒಂದೇ ಸಲ, ಮಗು ಮೂರು ತಿಂಗಳದ್ದಿದ್ದಾಗ, ಅದೂ ದೂರದಿಂದ.

ಮುಂದಿನ ಭಾನುವಾರ ಬೆಳಿಗ್ಗೆ ರಿಬ್ಕಾ ತೀರಿಹೋದಳು. ಡಾಕ್ಟರನ್ನು ಗುರುವಾರವೇ ಕರೆಸಿದ್ದೆ, ಔಷಧಿ ಕೊಟ್ಟಿದ್ದ, ನಾನೇ ಹೋಗಿ ಕುಡಿಸುತ್ತಿದ್ದೆ. ಶನಿವಾರ ಸ್ವಲ್ಪ ಎದ್ದು ಕೂತು, 'ಇವತ್ತು ಒಲೆ ಹಚ್ಚಬೇಡಿ, ಶಬ್ಬತ್' ಅಂತ ನನಗೇ ಬುದ್ಧಿ ಹೇಳಿದಳು. ಪಕ್ಕದ ಊರುಗಳಿಂದ ಆರು ಜನ ನಮ್ಮವರು ಬಂದರು, ಹತ್ತು ಆಗಲಿಲ್ಲ. ಬೆಸ್ತರ ಕೇರಿಗೆ ಕೇರಿಯೇ ಬಂತು. ಗುಂಡಿ ತೋಡುವ ಹೊತ್ತಿಗೆ ಒಬ್ಬರು ನನ್ನ ಕಿವಿಯಲ್ಲಿ, 'ಇವರದ್ದು ಗೋಡೆ ಪಕ್ಕ ಅಲ್ವಾ ಮಾಸ್ತರ್?' ಅಂದರು. ಇಲ್ಲಿ ಅಂತ ಆಯಿಯ ಕಲ್ಲಿನ ಪಕ್ಕ ತೋರಿಸಿದೆ. ನನಗೆ ಅಂತ ಇಟ್ಟುಕೊಂಡಿದ್ದ ಜಾಗ. ಅವರು ಹಾರೆ ಎತ್ತಿಕೊಂಡು ಅಲ್ಲಿಗೇ ಬಂದರು. ಇದನ್ನು ಧೈರ್ಯ ಅಂದುಕೊಳ್ಳಬೇಡ. ತಡೆಯುವವರೆಲ್ಲ ಊರು ಬಿಟ್ಟ ಮೇಲೆ ಮಾಡಿದ ಕೆಲಸ ಅದು.

ಏಳು ದಿನ ನೆಲದ ಮೇಲೆ ಕೂತೆ, ಪೆನ್ನು ಮುಟ್ಟಲಿಲ್ಲ. ಮೊನ್ನೆ ಎದ್ದೆ, ಇವತ್ತು ಬರೆಯುತ್ತಿದ್ದೇನೆ.

ಕಾಗದ ಇದರ ಜೊತೆಗಿದೆ. ಐದು ಹೆಂಗಸರ ಹೆಸರು, ಕೆಳಗೆ ನನ್ನ ಸಹಿ, ಅದರ ಕೆಳಗೆ ರಿಬ್ಕಾಳದ್ದು. ಈ ಸಲ ಹಡಗು ಇಲ್ಲ, ರಥ ಇಲ್ಲ, ಹೆದರಬೇಡ. ಜೂನ್ ತಿಂಗಳ ಮದುವೆಗೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತದೆ. ಗುಮಾಸ್ತ ಮತ್ತೆ ಏನಾದರೂ ಕೇಳಿದರೆ ತಾಳ್ಮೆಯಿಂದ ಮಾತಾಡು, ಅಳಬೇಡ, ಬೈಯಲೂ ಬೇಡ. ಹುಡುಗನ ತಾಯಿ ಮುಖ ತಿರುಗಿಸಿದರೆ ನೀನು ತಿರುಗಿಸಬೇಡ. ರಿಬ್ಕಾಳ ಹರಕೆ ನಿನ್ನ ತಲೆಯ ಮೇಲಿದೆ, ಮದುವೆಗೆ ಮುಂಚೆ ಮಲೀದಾ ಮಾಡು. ತಟ್ಟೆ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಏಪ್ರಿಲ್‌ನಲ್ಲಿ ಹನೋಕನ ಮಗ ಹಡಗು ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಡೈನಾಳ ಮನೆಯಲ್ಲಿ ಎಣ್ಣೆ ದೀಪ ಆರದಿರಲಿ, ಶುಕ್ರವಾರದ ಬಟ್ಟಲು ಬರಿದಾಗದಿರಲಿ, ಎಲಿಯಾಹೂ ಹನ್ನಾಬಿ ಅವಳ ಬಾಗಿಲು ದಾಟಿ ಹೋಗದೆ ಒಳಗೆ ಬರಲಿ. ನಿನ್ನ ಗಂಡನಿಗೆ ನನ್ನ ನೆನಪು ಹೇಳು.

ನಿನ್ನ ದಾದಾ
ಇಸಾಜಿ ಅಬಾಜಿ ಪಾಂಗ್ಳೇಕರ್

ತಾ.ಕ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಇಷ್ಟೂ ಬರೆದು, ಬರೆಯಬೇಕಾದ್ದನ್ನೇ ಬಿಟ್ಟಿದ್ದೇನೆ.

ಸೂತಕ ಅಂತ ಏಳು ದಿನ ನೆಲದ ಮೇಲೆ ಕೂರುವುದು ಯಾರಿಗಾಗಿ ಅಂತ ನಿನಗೆ ಗೊತ್ತು. ಹೊರಗಿನವರಿಗೆ ಕೂರುವುದಿಲ್ಲ. ರಿಬ್ಕಾ ನಮ್ಮ ಬಾಬಾನ ಮಗಳು. ನಿನಗೆ ಅಕ್ಕ. ನನಗೆ ಹನ್ನೆರಡನೇ ವಯಸ್ಸಿನಿಂದ ಗೊತ್ತಿತ್ತು. ಒಂದು ಮಧ್ಯಾಹ್ನ ಗಾಣದ ಹಿಂದೆ ಬಾಬಾ ಅವಳ ಕಣ್ಣಿನ ಮೇಲೆ ತನ್ನ ಅಂಗೈ ಮುಚ್ಚಿ 'ಕೇಳು ಇಸ್ರಾಯೇಲೇ' ಹೇಳಿಕೊಡುತ್ತಿದ್ದ, ನನಗೆ ಹೇಳಿಕೊಟ್ಟ ಹಾಗೇ. ಅವಳಿಗೆ ಆಗ ಆರು ವರ್ಷ. ಬಾಬಾ ನನ್ನನ್ನು ನೋಡಿದ, ನಾನು ಬಾಬಾನನ್ನು ನೋಡಿದೆ, ಆ ಮಾತು ಅಲ್ಲಿಗೇ ಹೂತುಹೋಯಿತು. ಗೊತ್ತಿದ್ದೇ ನಿನ್ನ ನಿಶ್ಚಿತಾರ್ಥದ ದಿನ ಅವಳ ಕೈ ತಳ್ಳಿದೆ. ಗೊತ್ತಿದ್ದದ್ದಕ್ಕೇ ತಳ್ಳಿದೆ.

ಅದನ್ನಾದರೂ ಆ ವಯಸ್ಸಿನ ಸೊಕ್ಕು ಅನ್ನಬಹುದು. ಈ ಜನವರಿಯಲ್ಲಿ ಮಾಡಿದ್ದಕ್ಕೆ ಏನು ಹೇಳಲಿ?

ಸಹಿ ಹಾಕು ಅಂತ ಕಾಗದ ಕೊಟ್ಟಾಗ ಅವಳು ಅರ್ಧ ಗಂಟೆ ಕೂತು ಬರೆದಳು. ನೋಡಿದರೆ, 'ರಿಬ್ಕಾ, ಅಬಾಜಿ ಪಾಂಗ್ಳೇಕರರ ಮಗಳು' ಅಂತಿತ್ತು. ಆ ಕಚೇರಿಯವರು ಹುಡುಕುತ್ತಿರುವುದೇ ಇದನ್ನು, ರಕ್ತ ಬೆರೆತಿದೆಯಾ ಅಂತ. ಈಕೆ ಯಾರು, ತಾಯಿ ಯಾರು ಅಂತ ಕೇಳಿದರೆ ಡೈನಾಳ ಮದುವೆ ಅಲ್ಲಿಗೇ ನಿಂತಿತು. ನಾನು ಬೇರೆ ಹಾಳೆಯಲ್ಲಿ ಮತ್ತೆ ಎಲ್ಲ ಬರೆದು ಮುಂದಿಟ್ಟು, 'ಬರೀ ರಿಬ್ಕಾಬಾಯಿ, ಪಾಂಗ್ಳೆ ಅಂತ ಹಾಕು. ಅಪ್ಪನ ಹೆಸರು ಬೇಡ' ಅಂದೆ. ಜೀವಮಾನದಲ್ಲಿ ಒಂದು ಸಲ ಬರೆದದ್ದನ್ನು ಬೇಡ ಅಂದೆ. ಜಗಳ ಆಡುತ್ತಾಳೆ ಅಂದುಕೊಂಡೆ. 'ಹೀಗಾದ್ರೆ ಮದುವೆ ಆಗತ್ತಾ?' ಅಂತ ಮಾತ್ರ ಕೇಳಿದಳು. ಆಗತ್ತೆ ಅಂದೆ. ಬರೆದುಕೊಟ್ಟಳು. ಮೊದಲಿನ ಹಾಳೆ ಒಲೆಗೆ ಹಾಕು ಅಂದೆ, 'ಹಾಕ್ತೀನಿ, ದಾದಾ' ಅಂದಳು. ಐವತ್ತು ವರ್ಷದಲ್ಲಿ ಒಂದೇ ಸಲ ದಾದಾ ಅಂದದ್ದು. ಆ ಎರಡನೇ ಕಾಗದ ಅಂಚೆಗೆ ಹಾಕಲು ಐದು ವಾರ ನನ್ನ ಕೈ ಬರಲಿಲ್ಲ, ವಾಪಸು ಹೋಗಿ ತಪ್ಪಾಯಿತು ಅನ್ನಲು ಕಾಲೂ ಬರಲಿಲ್ಲ. ಆಮೇಲೂ ಅವಳು ನನ್ನನ್ನು ಕರೆದು ತಟ್ಟೆಯಲ್ಲಿ ಉಣಿಸಿದಳು.

ಅವಳ ಮನೆ ಖಾಲಿ ಮಾಡುವಾಗ ಪೆಟ್ಟಿಗೆಯಲ್ಲಿ ಆಯಿಯ ಬಾಚಣಿಗೆ ಸಿಕ್ಕಿತು, ಅದರ ಕೆಳಗೆ ಮೊದಲಿನ ಹಾಳೆ. ಒಲೆಗೆ ಹಾಕಿರಲಿಲ್ಲ. ಸುಕ್ಕು ನೀವಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

ಎರಡೂ ಇದರಲ್ಲಿವೆ. ಅಪ್ಪನ ಹೆಸರಿಲ್ಲದ್ದನ್ನು ಕಚೇರಿಗೆ ಕೊಡು, ಮದುವೆ ಆಗಲಿ, ಅವಳಿಗೂ ಬೇಕಾಗಿದ್ದದ್ದು ಅದೇ. ಇನ್ನೊಂದನ್ನು ಡೈನಾಳಿಗೆ ಕೊಡು. ಇವಳು ನಿನ್ನ ದೊಡ್ಡಮ್ಮ, ನಿನಗೆ ಈ ಐದು ಅಜ್ಜಿಯರನ್ನು ಕೊಟ್ಟವಳು ಅಂತ ಹೇಳು. ಕೊಡುವ ಮುಂಚೆ ನೀನೂ ಒಂದು ಸಲ ಬೆಳಕಿಗೆ ಹಿಡಿದು ನೋಡು. ತನ್ನ ಹೆಸರನ್ನು ಹೇಗೋ ಗೀಚಿದ್ದಾಳೆ. ಬಾಬಾನ ಹೆಸರನ್ನು ಎಷ್ಟು ಗುಂಡಗೆ ಬರೆದಿದ್ದಾಳೆ ನೋಡು.